ಆಂಟೆನಾ ಸುಮ್ನೆ ಕೇಳಿಸಿಕೊಳ್ಳುವುದಿಲ್ಲ

ನೆಲಮಂಗಲದ ಟೋಲ್‌ನಿಂದ ಶುರು ಮಾಡೋಣ. ತುಮಕೂರು ಕಡೆಯಿಂದ ಬಂದವರು ಇವತ್ತು ಬೆಳಿಗ್ಗೆ ಅದನ್ನು ದಾಟಿಯೇ ಬಂದಿರುತ್ತೀರಿ. ಕಾರು ನಿಧಾನವಾಗುತ್ತದೆ, ಮೇಲೆ ಚಾವಣಿಯಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಇದೆ, ಗಾಜಿನ ಮೇಲೆ ನಿಮ್ಮ ಫಾಸ್ಟ್ಯಾಗ್ ಇದೆ. ಗೇಟು ಏಳುತ್ತದೆ, ದುಡ್ಡು ಹೋಗುತ್ತದೆ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದು ಕಡ್ಡಾಯ, ಹಾಗಾಗಿ ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಸ್ಟಿಕ್ಕರಿನಲ್ಲಿ ಬ್ಯಾಟರಿ ಇಲ್ಲ. ಕಾರಿನ ಬ್ಯಾಟರಿಗೂ ಅದಕ್ಕೂ ತಂತಿಯ ಸಂಬಂಧ ಇಲ್ಲ. ಅದರೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಕೂಡ ಇಲ್ಲ. ಹಾಗಿದ್ದರೆ ಅದು ತನ್ನ ನಂಬರನ್ನು ಮೇಲಿನ ಪೆಟ್ಟಿಗೆಗೆ ಹೇಳುವುದು ಹೇಗೆ?

ಉತ್ತರ ಒಂದೇ ಸಾಲಿನದು. ಅದು ತನ್ನ ಮೇಲೆ ಬಿದ್ದ ಅಲೆಯನ್ನು ಚದುರಿಸುತ್ತದೆ, ಬೇಕೆಂದಾಗ ಜಾಸ್ತಿ, ಬೇಕೆಂದಾಗ ಕಮ್ಮಿ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ: ವಾಹನದ ಮೇಲೆ ಕೂತ ಯಾವ ಆಂಟೆನಾವೂ ಬರೀ ಕೇಳಿಸಿಕೊಂಡು ಕೂರುವುದಿಲ್ಲ. ಕೇಳಿಸಿಕೊಳ್ಳುವ ಕೆಲಸದಲ್ಲೇ ಅದು ಮರಳಿ ಮಾತಾಡಿರುತ್ತದೆ. ಎಷ್ಟು ಜೋರಾಗಿ ಮಾತಾಡುತ್ತದೆ ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಅದರ ಹಿಂದೆ ಏನು ಜೋಡಿಸಿದ್ದೀರಿ ಅನ್ನುವುದು.

ಯಾಕೆ ಹಾಗೆ? ಲೋಹದ ಕಡ್ಡಿಯ ಮೇಲೆ ರೇಡಿಯೊ ಅಲೆ ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಆ ಅಲೆಯ ತಾಳಕ್ಕೆ ಹಿಂದೆ ಮುಂದೆ ಓಡಾಡುತ್ತವೆ. ಅದೇ ಕರೆಂಟು. ಅದನ್ನು ಕೇಬಲ್ಲಿನಲ್ಲಿ ಒಳಗೆ ತಂದರೆ ನಿಮ್ಮ ರೇಡಿಯೊ ಹಾಡುತ್ತದೆ. ಆದರೆ ಕಡ್ಡಿಯಲ್ಲಿ ಹೀಗೆ ಓಡಾಡುವ ಕರೆಂಟು ಟ್ರಾನ್ಸ್‌ಮಿಟರ್‌ನಿಂದ ಬಂದದ್ದೋ, ಆಕಾಶದಿಂದ ಬಂದದ್ದೋ ಕಡ್ಡಿಗೆ ಗೊತ್ತಿಲ್ಲ. ಕರೆಂಟು ಓಡಾಡಿದರೆ ಅಲೆ ಹೊರಡಲೇಬೇಕು. ಹಾಗಾಗಿ ಅಲೆಯಿಂದ ಒಂದಿಷ್ಟು ಶಕ್ತಿ ತೆಗೆದುಕೊಂಡ ಕಡ್ಡಿ, ಅದೇ ಕ್ಷಣದಲ್ಲಿ ಇನ್ನೊಂದಿಷ್ಟನ್ನು ಸುತ್ತಲೂ ಎರಚುತ್ತದೆ.

ಇದನ್ನು ನೀವೆಲ್ಲ ಕಣ್ಣಾರೆ ನೋಡಿದ್ದೀರಿ. ದೂರದರ್ಶನದ ಕಾಲದಲ್ಲಿ ಮನೆ ಮೇಲೆ ಇದ್ದ ಆ ಮೀನಿನ ಮುಳ್ಳಿನಂಥ ಆಂಟೆನಾ ನೆನಪಿದೆಯಾ? ಗಾಳಿಗೆ ತಿರುಗಿಬಿಟ್ಟರೆ ಒಬ್ಬರು ಮೇಲೆ ಹತ್ತಿ, ಇನ್ನೊಬ್ಬರು ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗುತ್ತಿದ್ದರಲ್ಲ, ಅದೇ. ಅದರಲ್ಲಿ ಆರೇಳು ಕಡ್ಡಿಗಳಿದ್ದವು. ತಂತಿ ಜೋಡಿಸಿದ್ದು ಎಷ್ಟಕ್ಕೆ? ಒಂದೇ ಒಂದಕ್ಕೆ! ಮಿಕ್ಕ ಕಡ್ಡಿಗಳಿಗೆ ತಂತಿಯೇ ಇರಲಿಲ್ಲ. ಅವು ಅಲೆಯನ್ನು ಹೀರಿ ಮತ್ತೆ ಎರಚುತ್ತಿದ್ದವು. ಹಿಂದಿನದು ಸ್ವಲ್ಪ ಉದ್ದ, ಮುಂದಿನವು ಸ್ವಲ್ಪ ಗಿಡ್ಡ. ಆ ಸಣ್ಣ ವ್ಯತ್ಯಾಸದಿಂದ ಅವು ಎರಚಿದ್ದೆಲ್ಲ ತಂತಿ ಇರುವ ಕಡ್ಡಿಯ ಹತ್ತಿರ ಒಂದೇ ಹೊತ್ತಿಗೆ ಬಂದು ಕೂಡುತ್ತಿತ್ತು. ಜಪಾನಿನ ಷಿಂತಾರೊ ಉಡಾ, ಹಿದೆತ್ಸುಗು ಯಾಗಿ ಇದನ್ನು 1926ರ ಹೊತ್ತಿಗೆ ಮಾಡಿ ತೋರಿಸಿದರು. ಚದುರಿಕೆ ಅಂದರೆ ಏನೋ ಹಾಳಾಗುವುದು ಅಂತ ಅಂದುಕೊಳ್ಳಬೇಡಿ. ನಮ್ಮ ಮನೆಗಳಿಗೆ ಭಾನುವಾರದ ಸಿನಿಮಾ ತಂದದ್ದೇ ಚದುರಿಕೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಭಾಗಾಕಾರ ಬಂದರೆ ಸಾಕು.

ಅಲೆಯುದ್ದದ ಅರ್ಧದಷ್ಟು ಉದ್ದದ ಕಡ್ಡಿ ತೆಗೆದುಕೊಳ್ಳಿ, ನಡುವೆ ಕತ್ತರಿಸಿ ಎರಡು ತುದಿ ಮಾಡಿ. ಇದೇ ಡೈಪೋಲ್. ಇದಕ್ಕೆ ತನ್ನದೇ ಆದ ಒಂದು ತಡೆ ಇದೆ, ಸುಮಾರು 73 ಓಮ್. ಇದು ಕಡ್ಡಿ ಬಿಸಿಯಾಗುವ ತಡೆ ಅಲ್ಲ. ಅಲೆಯಾಗಿ ಹೊರಗೆ ಹೋಗುವ ಶಕ್ತಿಯನ್ನು ತಡೆಯ ಲೆಕ್ಕದಲ್ಲಿ ಬರೆದದ್ದು. ಈಗ ನಡುವಿನ ಎರಡು ತುದಿಗೆ 73 ಓಮಿನ ರೇಡಿಯೊ ಜೋಡಿಸಿದಿರಿ ಅನ್ನಿ. ಎರಡೂ ತಡೆ ಸಮ. ಅಂದರೆ ರೇಡಿಯೊಗೆ ಎಷ್ಟು ಶಕ್ತಿ ಹೋಯಿತೋ ಅಷ್ಟೇ ಶಕ್ತಿ ಹೊರಗೂ ಹೋಯಿತು. ಇದು ಎಲ್ಲಕ್ಕಿಂತ ಒಳ್ಳೆಯ ಜೋಡಣೆ. ಎಷ್ಟೇ ಚೆನ್ನಾಗಿ ಜೋಡಿಸಿದರೂ ಈ ಕಡ್ಡಿ ಅರ್ಧವನ್ನು ವಾಪಸ್ ಎರಚಿಯೇ ಎರಚುತ್ತದೆ. ನನಗೆ ಇದು ಮೊದಲ ಸಲ ಅರ್ಥವಾದ ದಿನ ನಿದ್ದೆ ಬಂದಿರಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಇನ್ನು ಆ ಎರಡು ತುದಿಯನ್ನು ನೇರ ಸೇರಿಸಿಬಿಡಿ, ಶಾರ್ಟ್ ಮಾಡಿ. ಒಟ್ಟು ತಡೆ ಅರ್ಧವಾಯಿತು, ಕರೆಂಟು ಎರಡು ಪಟ್ಟಾಯಿತು, ಎರಚುವ ಶಕ್ತಿ ನಾಲ್ಕು ಪಟ್ಟಾಯಿತು. ತುದಿಗಳನ್ನು ಬಿಚ್ಚಿ ಹಾಗೇ ಬಿಟ್ಟರೆ? ಕರೆಂಟಿಗೆ ದಾರಿಯೇ ಇಲ್ಲ. ಎರಡು ಗಿಡ್ಡ ತುಂಡುಗಳು ಆ ಅಲೆಗೆ ಹೆಚ್ಚು ಕಡಿಮೆ ಕಾಣುವುದೇ ಇಲ್ಲ. ಕಡ್ಡಿ ಅದೇ, ಜಾಗ ಅದೇ, ಬದಲಾದದ್ದು ನಡುವಿನ ಒಂದು ಮಿಲಿಮೀಟರಿನ ಕತೆ ಮಾತ್ರ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ವಾಹನದ ವಿಷಯ ಅಲ್ಲ, ಆದರೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1945ರಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಆವರೆಲ್ ಹ್ಯಾರಿಮನ್‌ಗೆ ಸೋವಿಯತ್ ಮಕ್ಕಳು ಮರದಲ್ಲಿ ಕೆತ್ತಿದ ಒಂದು ಲಾಂಛನ ಉಡುಗೊರೆ ಕೊಟ್ಟರು. ಅದು ರಾಯಭಾರಿಯ ಮನೆಯ ಗೋಡೆಯ ಮೇಲೆ ಏಳು ವರ್ಷ ಇತ್ತು. 1952ರಲ್ಲಿ ಒಳಗೆ ನೋಡಿದರೆ ಒಂದು ಸಣ್ಣ ಲೋಹದ ಡಬ್ಬಿ, ಅದಕ್ಕೊಂದು ಕಡ್ಡಿ. ಬ್ಯಾಟರಿ ಇಲ್ಲ, ತಂತಿ ಇಲ್ಲ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಡಬ್ಬಿಯ ಮುಖಕ್ಕೆ ತೆಳ್ಳನೆಯ ಪೊರೆ ಇತ್ತು. ಕೋಣೆಯಲ್ಲಿ ಮಾತಾಡಿದರೆ ಪೊರೆ ನಡುಗುತ್ತಿತ್ತು, ಪೊರೆ ನಡುಗಿದರೆ ಕಡ್ಡಿಯ ಹಿಂದಿನ ಜೋಡಣೆ ಬದಲಾಗುತ್ತಿತ್ತು, ಜೋಡಣೆ ಬದಲಾದರೆ ಕಡ್ಡಿ ಎರಚುವ ಅಲೆ ಬದಲಾಗುತ್ತಿತ್ತು, ಹೊರಗೆ ಕೂತವರು ಆ ಬದಲಾವಣೆಯನ್ನೇ ಮತ್ತೆ ಮಾತು ಮಾಡಿ ಕೇಳುತ್ತಿದ್ದರು. ಮಾಡಿದವರು ಲಿಯೊನ್ ಥೆರೆಮಿನ್, ಕೈ ತಾಗಿಸದೆ ನುಡಿಸುವ ಆ ವಾದ್ಯದ ಥೆರೆಮಿನ್ ಅವರೇ. ಈ ಡಬ್ಬಿಗೂ ನಿಮ್ಮ ಫಾಸ್ಟ್ಯಾಗಿಗೂ ಇರುವುದು ಒಂದೇ ತತ್ವ.

ಸರಿ, ಟೋಲಿಗೆ ವಾಪಸ್ ಬರೋಣ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 867 ಮೆಗಾಹರ್ಟ್ಸ್ ಕೊಟ್ಟಿದ್ದಾರೆ. ಅಲೆಯುದ್ದ ಸುಮಾರು 35 ಸೆಂಟಿಮೀಟರ್, ಅರ್ಧ ಅಂದರೆ 17. ಅಷ್ಟು ಉದ್ದದ ಕಡ್ಡಿಯನ್ನು ರಂಗೋಲಿಯ ಗೆರೆಯ ಹಾಗೆ ಮಡಿಸಿ ಮಡಿಸಿ ಸ್ಟಿಕ್ಕರಿನೊಳಗೆ ಕೂರಿಸಿರುತ್ತಾರೆ. ನಡುವೆ ಸಾಸಿವೆಗಿಂತ ಚಿಕ್ಕ ಚಿಪ್ಪು. ಮೇಲಿನಿಂದ ಬಂದ ಅಲೆಯಲ್ಲೇ ಹತ್ತಿಪ್ಪತ್ತು ಮೈಕ್ರೋವ್ಯಾಟ್ ಹಿಡಿದುಕೊಂಡು ಆ ಚಿಪ್ಪು ಎಚ್ಚರವಾಗುತ್ತದೆ. ಆಮೇಲೆ ಅದು ಮಾಡುವ ಕೆಲಸ ಒಂದೇ. ತುದಿಗಳ ನಡುವಿನ ಜೋಡಣೆಯನ್ನು ಬದಲಾಯಿಸುತ್ತಾ ಹೋಗುತ್ತದೆ. ಒಮ್ಮೆ ಶಾರ್ಟಿನ ಹತ್ತಿರ, ಒಮ್ಮೆ ಸರಿ ಜೋಡಣೆ. ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ.

ಮೇಲಿನ ಪೆಟ್ಟಿಗೆಗೆ ಎಷ್ಟು ವಾಪಸ್ ಸಿಗುತ್ತದೆ? ನಾನು ಕೂತು ಅಂದಾಜು ಲೆಕ್ಕ ಹಾಕಿದೆ. 5 ಮೀಟರ್ ದೂರಕ್ಕೆ, ಒಂದು ವ್ಯಾಟ್ ಕಳಿಸಿದರೆ ವಾಪಸ್ ಬರುವುದು ಹತ್ತಾರು ನ್ಯಾನೋವ್ಯಾಟ್. ಅಂದರೆ ಕೋಟಿಯಲ್ಲಿ ಒಂದಂಶಕ್ಕಿಂತಲೂ ಕಮ್ಮಿ. ಅದೇ ಹೊತ್ತಿಗೆ ಬಾನೆಟ್ಟು, ಚಾವಣಿ, ಪಕ್ಕದ ಲಾರಿ ಎಲ್ಲ ಸೇರಿ ಇದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಅಲೆಯನ್ನು ವಾಪಸ್ ಎಸೆಯುತ್ತಿರುತ್ತವೆ. ಇಷ್ಟು ಗದ್ದಲದಲ್ಲಿ ಸ್ಟಿಕ್ಕರಿನ ದನಿ ಕೇಳುವುದು ಹೇಗೆ ಅಂದರೆ, ಬಾನೆಟ್ಟು ಮಿಟುಕಿಸುವುದಿಲ್ಲ, ಸ್ಟಿಕ್ಕರ್ ಮಿಟುಕಿಸುತ್ತದೆ. ಬಾನೆಟ್ಟಿನ ಪ್ರತಿಫಲನ ಹೆಚ್ಚು ಕಡಿಮೆ ಒಂದೇ ಸಮ. ಪೆಟ್ಟಿಗೆ ಸಮವಾಗಿರುವುದನ್ನೆಲ್ಲ ಕಳೆದು, ಮಿಟುಕುವುದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಜಾತ್ರೆಯ ದೀಪಗಳ ಸಾಲಿನಲ್ಲಿ ಒಂದೇ ಒಂದು ಸಣ್ಣ ದೀಪ ಮಿಣುಕಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ?

ಕೆಲವರು ಸ್ಟಿಕ್ಕರನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುತ್ತಾರೆ, ಓದದೇ ಇದ್ದಾಗ ಟೋಲಿನವರ ಮೇಲೆ ರೇಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಜಿಗೆ ತಾಗಿದ ಕಡ್ಡಿಗೆ ಅಲೆ ನಿಧಾನವಾದಂತೆ ಕಾಣುತ್ತದೆ, ಹಾಗಾಗಿ ಅದರ ಶ್ರುತಿ ಇಳಿಯುತ್ತದೆ. ಸ್ಟಿಕ್ಕರ್ ಮಾಡುವವರು ಗಾಜನ್ನು ಲೆಕ್ಕಕ್ಕೆ ಸೇರಿಸಿಯೇ ಶ್ರುತಿ ಮಾಡಿರುತ್ತಾರೆ. ಗಾಜಿನಿಂದ ಕಿತ್ತರೆ ಶ್ರುತಿ ತಪ್ಪುತ್ತದೆ. ಕೈಯಲ್ಲಿ ಹಿಡಿದರೆ ಮೈಯ ನೀರು ಅಲೆಯನ್ನು ಕುಡಿಯುತ್ತದೆ. ಬಾನೆಟ್ಟಿನ ಮೇಲೆ ಅಂಟಿಸಿದರಂತೂ ಮುಗಿದೇ ಹೋಯಿತು, ಕಡ್ಡಿಯಲ್ಲಿ ಓಡುವ ಕರೆಂಟಿಗೆ ತದ್ವಿರುದ್ಧ ಕರೆಂಟು ಕೆಳಗಿನ ಲೋಹದಲ್ಲಿ ಹುಟ್ಟುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬಿಸಿಲು ತಡೆಯಲು ಲೋಹದ ಲೇಪ ಹಾಕಿದ ಗಾಜಿದ್ದರೂ ಇದೇ ತೊಂದರೆ. ಅಂಥ ಕಾರುಗಳಲ್ಲಿ ಕನ್ನಡಿಯ ಹತ್ತಿರ ಲೇಪ ಇಲ್ಲದ ಸಣ್ಣ ಕಿಟಕಿ ಬಿಟ್ಟಿರುತ್ತಾರೆ, ಅಲ್ಲೇ ಅಂಟಿಸಬೇಕು.

ಈಗ ಸ್ವಲ್ಪ ಹಿಂದಕ್ಕೆ, 1935ಕ್ಕೆ ಹೋಗೋಣ. ಬ್ರಿಟನ್ನಿನಲ್ಲಿ ರೇಡಿಯೊ ವಿಜ್ಞಾನಿ ರಾಬರ್ಟ್ ವಾಟ್ಸನ್ ವಾಟ್ ಅವರಿಗೆ ಒಂದು ಪ್ರಶ್ನೆ ಬಂದಿತ್ತು: ರೇಡಿಯೊ ಅಲೆಯಿಂದ ಶತ್ರುವಿನ ವಿಮಾನಕ್ಕೆ ಹಾನಿ ಮಾಡಬಹುದಾ? ಅವರ ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಲೆಕ್ಕ ಹಾಕಿ ಆಗುವುದಿಲ್ಲ ಅಂದರು, ಆದರೆ ವಿಮಾನ ಎಲ್ಲಿದೆ ಅಂತ ಪತ್ತೆ ಹಚ್ಚಬಹುದು ಅಂದರು. ಅವರು ಲೆಕ್ಕ ಹಾಕಿದ ರೀತಿ ನನಗೆ ಬಹಳ ಇಷ್ಟ. ಬಾಂಬರ್ ವಿಮಾನದ ರೆಕ್ಕೆ ಸುಮಾರು 25 ಮೀಟರ್ ಅಗಲ. 50 ಮೀಟರಿನ ಅಲೆಗೆ ಅದು ಸರಿಯಾಗಿ ಅರ್ಧ. ಅಂದರೆ ಆ ರೆಕ್ಕೆ ಒಂದು ಡೈಪೋಲ್! ವಿಮಾನ ಅನ್ನುವುದನ್ನೇ ಮರೆತು, ಆಕಾಶದಲ್ಲಿ ಹಾರುವ ಒಂದು ಆಂಟೆನಾ ಅಂದುಕೊಂಡು ಅದು ಎಷ್ಟು ಎರಚುತ್ತದೆ ಅಂತ ಲೆಕ್ಕ ಹಾಕಿದರು. ಅದೇ ವರ್ಷ ಫೆಬ್ರುವರಿ 26ರಂದು ಡ್ಯಾವೆಂಟ್ರಿಯಲ್ಲಿದ್ದ ಬಿಬಿಸಿ ಪ್ರಸಾರದ 49 ಮೀಟರ್ ಅಲೆಯನ್ನೇ ಬಳಸಿ ಒಂದು ಹೇಫೋರ್ಡ್ ವಿಮಾನವನ್ನು ಹಾರಿಸಿದರು. 13 ಕಿಲೋಮೀಟರ್ ದೂರದವರೆಗೆ ಅದರ ಚದುರಿಕೆ ಕಾಣಿಸಿತು. ಬ್ರಿಟಿಷರ ರೇಡಾರ್ ಶುರುವಾದದ್ದು ಅಲ್ಲಿಂದ.

ಎಂಟು ವರ್ಷದ ನಂತರ ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರು. ಜರ್ಮನರ ವ್ಯೂರ್ಜ್‌ಬರ್ಗ್ ರೇಡಾರಿನ ಅಲೆಯುದ್ದ ಸುಮಾರು 54 ಸೆಂಟಿಮೀಟರ್. 27 ಸೆಂಟಿಮೀಟರ್ ಉದ್ದದ ಲೋಹದ ಪಟ್ಟಿಗಳನ್ನು ಕತ್ತರಿಸಿ, 1943ರ ಜುಲೈಯಲ್ಲಿ ಹ್ಯಾಂಬರ್ಗಿನ ಮೇಲೆ ಕಟ್ಟುಗಟ್ಟಲೆ ಸುರಿದರು. ಒಂದೊಂದು ಪಟ್ಟಿಯೂ ಶಾರ್ಟ್ ಮಾಡಿದ ಡೈಪೋಲ್. ರೇಡಾರಿನ ಪರದೆಯಲ್ಲಿ ವಿಮಾನ ಯಾವುದು, ಪಟ್ಟಿ ಯಾವುದು ಅಂತ ಗೊತ್ತಾಗದೆ ಹೋಯಿತು. ಈ ಪಟ್ಟಿಗಳ ಕೆಲಸದಲ್ಲಿ ಮುಖ್ಯರಾಗಿದ್ದವರು ಜೋನ್ ಕರನ್ ಎಂಬ ಭೌತವಿಜ್ಞಾನಿ. ಆ ರಾತ್ರಿಗಳಲ್ಲಿ ಕೆಳಗೆ ಊರಿಗೆ ಏನಾಯಿತು ಅನ್ನುವುದು ಇನ್ನೊಂದು ಕತೆ, ಅದನ್ನು ಮರೆತು ಈ ಲೆಕ್ಕವನ್ನು ಮಾತ್ರ ಹೊಗಳಲು ನನಗೆ ಆಗುವುದಿಲ್ಲ.

ನನ್ನ ಜೀಪಿನ ವಿಷಯ ಹೇಳುತ್ತೇನೆ. ನಾನು ಹ್ಯಾಮ್ ರೇಡಿಯೊ ಹವ್ಯಾಸದವನು. ಜೀಪಿನ ಚಾವಣಿಯ ಮೇಲೆ ಅರ್ಧ ಮೀಟರಿನ ಕಡ್ಡಿ ಇತ್ತು, 145 ಮೆಗಾಹರ್ಟ್ಸಿಗೆ. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಂದು ಸಲ ಗೆಳೆಯನ ಅಂಥದ್ದೇ ಕಡ್ಡಿಯನ್ನು, ಅದೇ, ಆಯಸ್ಕಾಂತದ ಬುಡ ಇರುವಂಥದ್ದು, ಪಕ್ಕದಲ್ಲೇ ಅಂಟಿಸಿಕೊಂಡು ಹೊರಟೆವು. ಅದಕ್ಕೆ ರೇಡಿಯೊ ಜೋಡಿಸಿರಲಿಲ್ಲ, ಕೇಬಲ್ ಸುಮ್ನೆ ಸೀಟಿನ ಕೆಳಗೆ ಸುರುಳಿ ಸುತ್ತಿ ಬಿದ್ದಿತ್ತು. ದಾರಿಯಲ್ಲಿ ವಿಚಿತ್ರ. ಜೀಪು ಒಂದು ದಿಕ್ಕಿಗೆ ಮುಖ ಮಾಡಿದಾಗ ಸಿಗ್ನಲ್ ಗಟ್ಟಿ, ತಿರುವಿನಲ್ಲಿ ತಿರುಗಿದರೆ ಕುಸಿಯುತ್ತದೆ. ಎರಡು ಗಂಟೆ ಕನೆಕ್ಟರ್ ಬಿಚ್ಚಿ ಕಟ್ಟಿ ನೋಡಿದೆವು. ಕೊನೆಗೆ ಪಕ್ಕದ ಕಡ್ಡಿ ತೆಗೆದು ಒಳಗಿಟ್ಟೆವು, ಎಲ್ಲ ಸರಿ. ನಮಗೇ ಗೊತ್ತಿಲ್ಲದೆ ಚಾವಣಿಯ ಮೇಲೆ ಆ ಟಿವಿ ಆಂಟೆನಾದಂಥದ್ದನ್ನೇ ಕಟ್ಟಿಕೊಂಡಿದ್ದೆವು.

ಇದರಲ್ಲಿ ಒಂದು ಸೊಗಸಾದ ಅಂಶ ಇದೆ. ‘ಏನೂ ಜೋಡಿಸದಿದ್ದರೆ ಕಡ್ಡಿ ಕಾಣುವುದೇ ಇಲ್ಲ ಅಂದಿರಲ್ಲ?’ ಅಂತ ನೀವು ಕೇಳಬೇಕು. ಸರಿಯಾದ ಪ್ರಶ್ನೆ. ಕೇಬಲ್ಲಿನ ಆ ತುದಿಯಲ್ಲಿ ಏನೂ ಇರಲಿಲ್ಲ, ನಿಜ. ಆದರೆ ಕಡ್ಡಿಗೆ ಕಾಣುವುದು ಕೇಬಲ್ಲಿನ ಈ ತುದಿ. ಕೇಬಲ್ಲಿನೊಳಗೆ ಅಲೆ ಹೋಗಿ, ಬಿಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಕೇಬಲ್ ಒಳಗಿನ ಅಲೆಯುದ್ದದ ಕಾಲು ಭಾಗದಷ್ಟು ಉದ್ದ ಇದ್ದರೆ ಆ ಬಿಚ್ಚಿದ ತುದಿ ಈ ಕಡೆಗೆ ಶಾರ್ಟ್ ಆಗಿ ಕಾಣುತ್ತದೆ. 145 ಮೆಗಾಹರ್ಟ್ಸಿಗೆ, ಸಾಮಾನ್ಯ ಕೇಬಲ್ಲಿನಲ್ಲಿ, ಆ ಕಾಲು ಭಾಗ ಸುಮಾರು 34 ಸೆಂಟಿಮೀಟರ್. ಇನ್ನೊಂದು 34 ಸೇರಿಸಿ, ಮತ್ತೆ ಬಿಚ್ಚಿದ ಹಾಗೆ ಕಾಣುತ್ತದೆ. ಸೀಟಿನ ಕೆಳಗೆ ಬಿದ್ದ ಕೇಬಲ್ಲಿನ ಒಂದು ಗೇಣು ಒಂದೂವರೆ ಗೇಣು ಉದ್ದ, ಚಾವಣಿಯ ಮೇಲಿನ ಕಡ್ಡಿ ಲೋಕಕ್ಕೆ ಎಷ್ಟು ಕಾಣಬೇಕು ಅಂತ ತೀರ್ಮಾನಿಸುತ್ತದೆ. ಪೊಲೀಸ್ ವಾಹನ, ಆಂಬುಲೆನ್ಸ್‌ಗಳ ಮೇಲೆ ಮೂರು ನಾಲ್ಕು ಕಡ್ಡಿ ಹಾಕುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬರೀ ಜಾಗ ನೋಡಿ ಕೂರಿಸಿದರೆ ಆಗುವುದಿಲ್ಲ.

ವಾಹನದ ಮೈ ಕೂಡ ಇದೇ ಕೆಲಸ ಮಾಡುತ್ತದೆ. ವಿಮಾನದಲ್ಲಿ ರೇಡಿಯೊ ಕೇಂದ್ರದ ದಿಕ್ಕು ತೋರಿಸುವ ಉಪಕರಣ ಇರುತ್ತದಲ್ಲ, ಕೇಂದ್ರ ನೇರ ಮುಂದೆ ಇದ್ದಾಗ ಅದು ಸರಿ ತೋರಿಸುತ್ತದೆ, ಓರೆಯಲ್ಲಿ 45 ಡಿಗ್ರಿ ಹತ್ತಿರ ಇದ್ದಾಗ ಅತಿ ಹೆಚ್ಚು ತಪ್ಪು ತೋರಿಸುತ್ತದೆ. ವಿಮಾನದ ಒಡಲೇ ಅಲೆಯನ್ನು ಎರಚಿ ದಿಕ್ಕನ್ನು ಬಾಗಿಸಿರುತ್ತದೆ. ಎಷ್ಟು ತಪ್ಪು ಅಂತ ಮೊದಲೇ ಅಳೆದು ಕಳೆಯುತ್ತಾರೆ.

ಈಗ ಕಷ್ಟದ ಜಾಗಕ್ಕೆ ಬರೋಣ. ರೇಡಾರಿಗೆ ಕಾಣಬಾರದ ಯುದ್ಧ ವಿಮಾನ. ಒಡಲನ್ನು ಓರೆ ಮಾಡಬಹುದು, ಅಲೆ ಹೀರುವ ಬಣ್ಣ ಬಳಿಯಬಹುದು. ಆಂಟೆನಾವನ್ನು ಏನು ಮಾಡುತ್ತೀರಿ? ಅದು ಇರುವುದೇ ಅಲೆ ಹಿಡಿಯಲು. ಮೂತಿಯಲ್ಲಿ 60 ಸೆಂಟಿಮೀಟರ್ ಅಗಲದ ರೇಡಾರ್ ತಟ್ಟೆ ಇದೆ ಅನ್ನಿ. ಮುಂದಿನ ಮೂತಿ, ಅಂದರೆ ರೇಡೋಮ್, ರೇಡಿಯೊ ಅಲೆಗೆ ಗಾಜಿನ ಹಾಗೆ. ನಮ್ಮ ಅಲೆ ಹೊರಗೆ ಹೋಗಬೇಕಾದರೆ ಅದು ಹಾಗೇ ಇರಬೇಕು. ಆದರೆ ಶತ್ರುವಿನ ಅಲೆಯೂ ಅದೇ ಗಾಜಿನಿಂದ ಒಳಗೆ ಬರುತ್ತದೆ. 3 ಸೆಂಟಿಮೀಟರಿನ ಅಲೆ ಆ ತಟ್ಟೆಗೆ ನೇರ ಬಡಿದರೆ, ಲೆಕ್ಕದ ಪ್ರಕಾರ ಅದು ಸಾವಿರ ಚದರ ಮೀಟರಿಗಿಂತ ದೊಡ್ಡ ವಸ್ತುವಿನಂತೆ ಹೊಳೆಯಬಹುದು. ಸಾಮಾನ್ಯ ಯುದ್ಧ ವಿಮಾನ ಎದುರಿನಿಂದ ಕಾಣುವುದು ಕೆಲವೇ ಚದರ ಮೀಟರಿನಷ್ಟು. ಇಡೀ ವಿಮಾನಕ್ಕಿಂತ ಅದರ ಕಣ್ಣೇ ಜಾಸ್ತಿ ಹೊಳೆಯುತ್ತದೆ!

ಅಮೆರಿಕದ ಎಫ್-117ರಲ್ಲಿ ಇದಕ್ಕೆ ಕಂಡುಕೊಂಡ ದಾರಿ ಬಹಳ ಕಠಿಣ. ರೇಡಾರನ್ನೇ ಇಡಲಿಲ್ಲ. ಮಾತಾಡುವ ರೇಡಿಯೊದ ಕಡ್ಡಿಗಳನ್ನು ದಾಳಿಯ ಹೊತ್ತಿನಲ್ಲಿ ಒಳಗೆ ಎಳೆದುಕೊಳ್ಳುವ ಹಾಗೆ ಮಾಡಿದರು. ಆಮೆ ತಲೆ ಎಳೆದುಕೊಂಡ ಹಾಗೆ. ಆಮೇಲಿನ ವಿಮಾನಗಳಿಗೆ ರೇಡಾರ್ ಬೇಕೇ ಬೇಕಾಯಿತು. ಹಾಗಾಗಿ ತಟ್ಟೆಯನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿ ಕೂರಿಸಿದರು, ಶತ್ರುವಿನ ಅಲೆ ಬಂದರೆ ಆಕಾಶಕ್ಕೆ ಜಿಗಿಯಲಿ ಅಂತ. ನಮ್ಮ ಆವರ್ತನಕ್ಕೆ ಮಾತ್ರ ತೆರೆದು ಮಿಕ್ಕದ್ದಕ್ಕೆ ಲೋಹದಂತೆ ಮುಚ್ಚಿಕೊಳ್ಳುವ ರೇಡೋಮ್ ಬಂತು. ಶತ್ರುವೂ ನಮ್ಮದೇ ಆವರ್ತನದಲ್ಲಿ ಬಂದರೆ? ಬಾಗಿಲು ತೆರೆದೇ ಇರುತ್ತದೆ.

ಅಲ್ಲಿಂದ ಒಳಗೆ ನೂರಾರು ಪುಟ್ಟ ಆಂಟೆನಾಗಳು, ಒಂದೊಂದರ ಹಿಂದೆಯೂ ಫೇಸ್, ಅಂದರೆ ಅಲೆಯ ಏರಿಳಿತದ ಹೊತ್ತು, ಬದಲಿಸುವ ಭಾಗ, ಕೂಡಿಸುವ ಭಾಗ, ಆಂಪ್ಲಿಫೈಯರ್. ಪ್ರತಿ ಜೋಡಣೆಯಲ್ಲೂ ಒಂಚೂರು ತಪ್ಪಿದರೆ ಅಲ್ಲಿಂದ ಒಂಚೂರು ಅಲೆ ಹಿಂದಕ್ಕೆ. ಅವೆಲ್ಲ ಕೂಡಿ ಯಾವ ದಿಕ್ಕಿಗೆ ಹೋಗುತ್ತವೆ ಅನ್ನುವುದೇ ದೊಡ್ಡ ಲೆಕ್ಕ. ಈ ಲೆಕ್ಕದ ಮೇಲೆ ನಮ್ಮ ಬೆಂಗಳೂರಿನ ಎನ್‌ಎಎಲ್‌, ಅಂದರೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿದ್ಯುತ್ಕಾಂತೀಯ ವಿಭಾಗದಲ್ಲಿ ಗಟ್ಟಿ ಕೆಲಸ ಆಗಿದೆ, ಆಂಟೆನಾ ಸಾಲುಗಳ ಚದುರಿಕೆ, ಅವು ಒಂದರ ಮೇಲೊಂದು ಬೀರುವ ಪ್ರಭಾವ, ರೇಡೋಮ್, ಎಲ್ಲದರ ಮೇಲೆ. ತೇಜಸ್‌ಗಾಗಿ ‘ಉತ್ತಮ್’ ರೇಡಾರ್ ರೂಪಿಸಿದ ಎಲ್‌ಆರ್‌ಡಿಇ, ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ, ಕೂಡ ಇಲ್ಲೇ ಇದೆ. ಇಲ್ಲಿ ಕೂತ ವಿದ್ಯಾರ್ಥಿಗಳು ಇಂಥ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

‘ಆಂಟೆನಾಗೆ ಪಕ್ಕಾ ಮ್ಯಾಚ್ ಮಾಡಿದರೆ ಏನೂ ವಾಪಸ್ ಹೋಗುವುದಿಲ್ಲ, ಅಷ್ಟು ಮಾಡಿದರೆ ಸಾಕಲ್ವಾ?’ ಅಂತ ಈಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಮ್ಯಾಚ್ ಅಂದರೆ ಆಗ ಹೇಳಿದ ಹಾಗೆ ಎರಡೂ ತಡೆ ಸಮ ಮಾಡುವುದು. ಅಷ್ಟು ಸಾಕಾಗುವುದಿಲ್ಲ. ಚದುರಿಕೆಯಲ್ಲಿ ಎರಡು ಪಾಲು. ಒಂದು, ಅಲೆ ಆಂಟೆನಾದ ಬಾಯಿಯಿಂದ ಒಳಗೆ ಹೋಗಿ, ಹಿಂದಿನ ಜೋಡಣೆಗೆ ಬಡಿದು ವಾಪಸ್ ಬಂದದ್ದು. ಇದಕ್ಕೆ ಆಂಟೆನಾ ಮೋಡ್ ಅನ್ನುತ್ತಾರೆ. ಮ್ಯಾಚ್ ಮಾಡಿ ಕಮ್ಮಿ ಮಾಡಬಹುದಾದದ್ದು ಇದನ್ನು ಮಾತ್ರ, ಅದೂ ನೀವು ಮ್ಯಾಚ್ ಮಾಡಿದ ಆವರ್ತನದಲ್ಲಿ. ಇನ್ನೊಂದು ಸ್ಟ್ರಕ್ಚರಲ್ ಮೋಡ್, ಅಂದರೆ ಆ ಲೋಹದ ಆಕಾರವೇ ಎರಚುವ ಪಾಲು. ಹಿಂದೆ ಏನೇ ಜೋಡಿಸಿ, ಅದು ಇದ್ದೇ ಇರುತ್ತದೆ. ನಮ್ಮ 73 ಓಮಿನ ಡೈಪೋಲ್ ಮ್ಯಾಚ್ ಆದ ಮೇಲೂ ಅರ್ಧ ಎರಚುತ್ತಿತ್ತಲ್ಲ, ಅದು ಇದೇ.

ಮನೆಗೆ ಹೋಗಿ ಒಂದು ಪ್ರಯೋಗ ಮಾಡಿ ನೋಡಿ. ಬೆಂಗಳೂರಿನ ‘ಕನ್ನಡ ಕಾಮನಬಿಲ್ಲು’ 101.3ರಲ್ಲಿ ಬರುತ್ತದೆ. ಅಲೆಯುದ್ದ 2.96 ಮೀಟರ್, ಅರ್ಧ ಅಂದರೆ 1.48. ಅಷ್ಟು ಉದ್ದದ ತೆಳ್ಳನೆಯ ಅಲ್ಯುಮಿನಿಯಂ ಪೈಪು ತನ್ನಿ. ನೋಡಲು ಬೆರಳು ದಪ್ಪದ ಕಡ್ಡಿ, ಆ ಅಲೆಗೆ ಮಾತ್ರ ಸುಮಾರು 7.5 ಚದರ ಮೀಟರಿನ ವಸ್ತು. ಸಣ್ಣ ಎಫ್‌ಎಂ ರೇಡಿಯೊವನ್ನು ಸಿಗ್ನಲ್ ಸರಿಯಾಗಿ ಸಿಗದ ಮೂಲೆಯಲ್ಲಿ, ಗೊರಗೊರ ಅನ್ನುವ ಜಾಗದಲ್ಲಿ ಇಡಿ. ಪೈಪನ್ನು ಕೈಯಲ್ಲಿ ಹಿಡಿಯಬೇಡಿ, ಒಣ ಮರದ ಕೋಲಿಗೆ ಕಟ್ಟಿ. ನಿಲ್ಲಿಸಿ ನೋಡಿ, ಮಲಗಿಸಿ ನೋಡಿ, ರೇಡಿಯೊದ ಸುತ್ತ ಒಂದು ಮೀಟರ್ ಒಳಗೆ ನಿಧಾನವಾಗಿ ಸರಿಸಿ. ಒಂದು ಜಾಗದಲ್ಲಿ ಹಾಡು ತಿಳಿಯಾಗುತ್ತದೆ, ಇನ್ನೊಂದರಲ್ಲಿ ಇನ್ನೂ ಕೆಡುತ್ತದೆ. ಆ ಜಾಗಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆಮೇಲೆ ಪೈಪನ್ನು ಸರಿಯಾಗಿ ನಡುವೆ ಗರಗಸದಿಂದ ಕತ್ತರಿಸಿ, ಎರಡು ತುಂಡಿನ ನಡುವೆ ಒಂದೆರಡು ಬೆರಳು ಅಂತರ ಬಿಟ್ಟು ಅದೇ ಕೋಲಿಗೆ ಕಟ್ಟಿ, ಅದೇ ಗುರುತಿನ ಮೇಲೆ ಇಟ್ಟು ಕೇಳಿ.